ಹುಳುವೇ ಇಲ್ಲದ ಹೊಲ ಬೇಕೆ?

ಸಾಲ ಮಾಡಿ ಹತ್ತಿ ಬೀಜ ಊರಿದವನಿಗೆ ಎಲೆಯಡಿ ಹೇನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಅಂದೇ ಅಂಗಡಿಗೆ ಹೋಗಿ ಕೀಟನಾಶಕದ ಎಣ್ಣೆ ತಂದು ಹೊಡೆಯುತ್ತಾನೆ. ಆ ಅವಸರ ಅರ್ಥವಾಗುವಂಥದ್ದೇ. ಆದರೆ ಒಂದೂ ಹುಳು ಇರಬಾರದೆಂಬ ಹಟವೇ ಹತ್ತಿಯನ್ನು ಹೆಚ್ಚು ಕೆಡಿಸಿದೆ ಎಂದು ನಾನು ನಂಬಿದ್ದೇನೆ.

ಪೆರು ದೇಶದ ಕನ್ಯೇಟೆ ಕಣಿವೆಯಲ್ಲಿ ನಡೆದದ್ದನ್ನು ನೋಡಿ. 1949ರಿಂದ ಅಲ್ಲಿನ ಹತ್ತಿ ಬೆಳೆಗಾರರು ಡಿಡಿಟಿ, ಬಿಎಚ್‌ಸಿ, ಟಾಕ್ಸಾಫೀನ್‌ಗಳನ್ನು ಧಾರಾಳವಾಗಿ ಸುರಿದರು. ಎಣ್ಣೆ ಸಿಂಪಡಿಸುವ ವಿಮಾನಕ್ಕೆ ಅಡ್ಡಿಯೆಂದು ಮರಗಳನ್ನೂ ಕಡಿದರು. 1950ರಲ್ಲಿ ಹೆಕ್ಟೇರಿಗೆ ಸುಮಾರು 500 ಕಿಲೋ ಇದ್ದ ಇಳುವರಿ 1954ಕ್ಕೆ 700 ದಾಟಿತು. ಎರಡೇ ವರ್ಷದಲ್ಲಿ, ಅಂದರೆ 1956ಕ್ಕೆ, ಅದು 350ಕ್ಕಿಂತ ಕೆಳಗಿಳಿಯಿತು. ಹಳೆಯ ಕೀಟಗಳು ವಿಷಕ್ಕೆ ಜಗ್ಗದಾದವು. ಅದುವರೆಗೆ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಕೀಟಗಳು ಹೊಸ ಪಿಡುಗಾಗಿ ಎದ್ದವು. ಇಷ್ಟು ಎಣ್ಣೆ ಕಾಣದ ಅಕ್ಕಪಕ್ಕದ ಕಣಿವೆಗಳಲ್ಲಿ ಅವೇ ಕೀಟಗಳು ಪಿಡುಗಾಗಲೇ ಇಲ್ಲ. ಅಲ್ಲಿ ಅವನ್ನು ತಿನ್ನುವವರು ಜೀವಂತ ಇದ್ದರು. ಕೊನೆಗೆ ಕನ್ಯೇಟೆಯವರು ಆ ವಿಷಗಳನ್ನು ಬಿಟ್ಟು, ಮಿತ್ರಕೀಟಗಳನ್ನು ತಂದು ಬಿಟ್ಟ ಮೇಲೆಯೇ ಇಳುವರಿ ಮರಳಿತು.

ಇದರ ಕಾರಣ ಸರಳ. ಹೇನು ಕೆಲವೇ ದಿನಗಳಲ್ಲಿ ಸಂಸಾರ ಬೆಳೆಸುತ್ತದೆ. ಅದನ್ನು ತಿನ್ನುವ ಗುಲಗಂಜಿ ಹುಳು ಮೊದಲೇ ಸಂಖ್ಯೆಯಲ್ಲಿ ಕಡಿಮೆ, ಬೆಳೆಯಲು ವಾರಗಳು ಬೇಕು. ಎಣ್ಣೆ ಇಬ್ಬರನ್ನೂ ಕೊಲ್ಲುತ್ತದೆ; ಅಳಿದುಳಿದ ಗುಲಗಂಜಿ ಹುಳುವಿಗೆ ಮೇಲಾಗಿ ಊಟವೂ ಇಲ್ಲ. ಹೀಗಾಗಿ ಮೊದಲು ಚೇತರಿಸಿಕೊಳ್ಳುವುದು ಹೇನೇ. ಗುಲಗಂಜಿ ಹುಳುವಿನ ಮರಿಗಂತೂ ಇನ್ನೊಂದು ದುರದೃಷ್ಟ: ತಾಯಿಯ ಚೆಲುವು ಅದಕ್ಕಿಲ್ಲ, ಕಪ್ಪಗೆ ಮುಳ್ಳುಮುಳ್ಳಾಗಿ ಕಾಣುವ ಅದನ್ನು ಪೀಡೆಯೆಂದೇ ತಿಳಿದು ಕೊಲ್ಲುವವರಿದ್ದಾರೆ. ನೂಲಿನೆಳೆಯಂಥ ತೊಟ್ಟಿನ ತುದಿಗೆ ಮೊಟ್ಟೆಯಿಡುವ ಹಸಿರು ಜಾಲರೆಕ್ಕೆ ಕೀಟ, ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುವ, ಒಂದು ಮಿಲಿಮೀಟರಿಗೂ ಚಿಕ್ಕದಾದ ಟ್ರೈಕೋಗ್ರಾಮ ಕಣಜ ಎಷ್ಟೋ ರೈತರ ಕಣ್ಣಿಗೇ ಬಿದ್ದಿಲ್ಲ. ಜೇಡವನ್ನು ಎಲ್ಲರೂ ಕಂಡಿದ್ದಾರೆ, ಆಳೆಂದು ಎಣಿಸಿಲ್ಲ. ಗಾಳಿಯಲ್ಲಿ ನೂಲು ತೇಲಿಸಿಕೊಂಡು ತಾನಾಗಿ ಹೊಲಕ್ಕೆ ಬರುತ್ತದೆ, ಬೇಟೆ ಸಿಗದಿದ್ದರೆ ದಿನಗಟ್ಟಲೆ ಉಪವಾಸ ಇರಬಲ್ಲದು. ಹತ್ತಿಯಲ್ಲಿ ಬಲೆ ಹೆಣೆಯದೆ ಗಿಡದಿಂದ ಗಿಡಕ್ಕೆ ಜಿಗಿದು ಹಿಡಿಯುವ ಜೇಡಗಳೂ ಇವೆ.

ಬಿಟಿ ಬಂದ ಮೇಲೆ ಇವೆಲ್ಲ ಏಕೆ ಎನ್ನುವವರಿದ್ದಾರೆ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿ ಕಾಯಿಕೊರಕಕ್ಕೆ ಮಾಡಿದ್ದು. ಜಿಗಿಹುಳು, ಥ್ರಿಪ್ಸ್, ಬಿಳಿನೊಣಗಳಿಗೆ ಅದರಿಂದ ಏನೂ ಆಗದು. ಗುಲಾಬಿ ಕಾಯಿಕೊರಕವಂತೂ ಈಗ ಅದನ್ನೂ ಮೀರಿದೆ. ಹಾಗೆಂದು ಮಿತ್ರಕೀಟಗಳ ಮೇಲೆ ಎಲ್ಲ ಭಾರ ಹೊರಿಸುವುದೂ ಸರಿಯಲ್ಲ. ಕಾಯಿಯೊಳಗೆ ಸೇರಿಕೊಂಡ ಗುಲಾಬಿ ಹುಳುವನ್ನು ಜೇಡ ಮುಟ್ಟಲಾರದು. ಅದಕ್ಕೆ ಮೋಹಕ ಬಲೆ ಬೇಕು, ಬೆಳೆಯನ್ನು ಬೇಸಿಗೆವರೆಗೆ ಎಳೆಯದೆ ಕಟ್ಟಿಗೆ ಕಿತ್ತು ಹೊಲ ಚೊಕ್ಕ ಮಾಡಬೇಕು.

ಆದರೆ ಮೊದಲ ಎರಡು ತಿಂಗಳು ಎಣ್ಣೆ ಹೊಡೆಯದೆ ಕೈ ಬಿಗಿಹಿಡಿಯುವುದು ಸಾಧ್ಯ. ಅಂಚಿಗೆ ಅಲಸಂದೆ ಹಾಕಿದರೆ ಅದರ ಹೇನು ತಿಂದು ಬೆಳೆದ ಗುಲಗಂಜಿ ಹುಳು ಹತ್ತಿಗೆ ದಾಟುತ್ತದೆ. ಎಲೆ ತಿರುವಿ ನೋಡುವಾಗ ಹೇನಿನ ಜೊತೆಗೆ ಅದನ್ನು ತಿನ್ನುವವರನ್ನೂ ಎಣಿಸಬೇಕು. ಆದರೆ ಕಾದು ನೋಡಿ ನಷ್ಟವಾದರೆ ಹೊರುವವನು ರೈತನೊಬ್ಬನೇ. ಪಕ್ಕದ ಹೊಲದವನು ಹೊಡೆದ ಎಣ್ಣೆ ಇವನ ಜೇಡಗಳನ್ನೂ ಕೊಲ್ಲುತ್ತದೆ. ಆದ್ದರಿಂದ ಇದನ್ನು ಒಬ್ಬೊಬ್ಬರ ಧೈರ್ಯಕ್ಕೆ ಬಿಡದೆ ಊರಿನ ಹತ್ತಿ ಬೆಳೆಗಾರರೆಲ್ಲ ಒಟ್ಟಿಗೆ ತೀರ್ಮಾನಿಸಬೇಕು; ಸಲಹೆಯೂ ಎಣ್ಣೆ ಮಾರುವವನಿಂದಲ್ಲ, ಹೊಲಕ್ಕೆ ಇಳಿದು ಎಲೆ ತಿರುವಿ ನೋಡುವವನಿಂದ ಬರಬೇಕು.