ಹೇಮಕೂಟದ ಇಳಿಜಾರಿಗೆ ಒಂದು ಪಾದ, ಕಂಪ್ಲಿಯ ಕೆಸರಿಗೆ ಇನ್ನೊಂದು

ಹಂಪಿಯ ಹೇಮಕೂಟ ಒಂದೇ ಹಾಸುಬಂಡೆಯ ಗುಡ್ಡ. ಎರಡೂ ಕಾಲಿದ್ದವರು ಅದನ್ನು ಮಾತಾಡುತ್ತಲೇ ಇಳಿದುಬಿಡುತ್ತಾರೆ. ಮೊಣಕಾಲ ಕೆಳಗೆ ಕೃತಕ ಕಾಲು ಕಟ್ಟಿಕೊಂಡವರಿಗೆ ಆ ಇಳಿಜಾರಿನ ಪ್ರತಿ ಹೆಜ್ಜೆಯೂ ಒಂದು ಲೆಕ್ಕಾಚಾರ. ಸಾಮಾನ್ಯ ಕೃತಕ ಪಾದ ಒಂದೇ ಕೋನದಲ್ಲಿ ಬಿಗಿಯಾಗಿ ಕೂತಿರುತ್ತದೆ. ಇಳಿಯುವಾಗ ಹಿಮ್ಮಡಿ ಊರಿದರೆ ಪಾದ ಬಾಗುವುದಿಲ್ಲ, ಅದರ ಬದಲು ಮೇಲಿನ ಕಾಲೇ ಮುಂದಕ್ಕೆ ತಳ್ಳಿಸಿಕೊಂಡು ಮೊಣಕಾಲು ಕುಸಿಯಲು ನೋಡುತ್ತದೆ. ಹತ್ತುವಾಗ ಇದು ತಿರುವುಮುರುವು: ಕಾಲು ಹಿಂದಕ್ಕೆ ದೂಡಿಸಿಕೊಳ್ಳುತ್ತದೆ, ಮೊಣಕಾಲು ಸೆಟೆಯುತ್ತದೆ. ಸಪಾಟು ರಸ್ತೆಯಲ್ಲೂ ಅಪಾಯ ಇದ್ದೇ ಇದೆ. ನಡೆಯುವಾಗ ಬೆರಳ ತುದಿ ನೆಲದಿಂದ ಮೇಲೇಳುವುದು ಅತಿ ಕಡಿಮೆಯಾಗುವ ಒಂದು ಗಳಿಗೆ ಇದೆ. ಆಗ ಉಳಿಯುವ ಅಂತರ ಒಂದು ಸೆಂಟಿಮೀಟರಿನ ಆಸುಪಾಸು. ಬೆರಳೆತ್ತುವ ಸ್ನಾಯು ಇಲ್ಲದ ಕಾಲು ಎಡವುವುದು ಅಲ್ಲಿಯೇ.

ಸ್ಮಾರ್ಟ್ ಪಾದದ ಕೀಲು ಕೈ ಹಾಕಿರುವುದು ಈ ಗಳಿಗೆಗಳಿಗೆ. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಸೆನ್ಸರುಗಳು ಕಾಲಿನ ಓರೆ, ವೇಗ, ಭಾರಗಳನ್ನು ಅಳೆಯುತ್ತವೆ. ಒಳಗಿನ ಪುಟ್ಟ ಪ್ರೊಸೆಸರ್ ಅದನ್ನು ನೋಡಿ ಪಾದದ ಕೋನವನ್ನೋ ಎಣ್ಣೆಯ ಒತ್ತಡದ ಬಿಗಿಯನ್ನೋ ಬದಲಿಸುತ್ತದೆ. 2006ರಲ್ಲಿ ಐಸ್‌ಲ್ಯಾಂಡಿನ ಒಸ್ಸುರ್ ಕಂಪನಿ ತಂದ ಪ್ರೊಪ್ರಿಯೊ ಫುಟ್ ಈ ಜಾತಿಯದು. ಕಾಲು ಗಾಳಿಯಲ್ಲಿದ್ದಾಗ ಅದು ಬೆರಳ ತುದಿಯನ್ನು ಎತ್ತುತ್ತದೆ, ಇಳಿಜಾರು ಬಂದರೆ ಕೋನ ಹೊಂದಿಸುತ್ತದೆ. ಎರಡನೆಯದು ಮೋಟಾರಿನದು. ನಿಜವಾದ ಕಾಲಿನಲ್ಲಿ ಮೀನಖಂಡ ಹೆಜ್ಜೆಯ ಕೊನೆಗೆ ದೇಹವನ್ನು ಮುಂದಕ್ಕೆ ದೂಡುತ್ತದೆ. ಆ ನೂಕನ್ನು ಈ ಪಾದ ಬ್ಯಾಟರಿಯಿಂದ ಕೊಡುತ್ತದೆ. ಎರಡೂ ಕಾಲು ಕಳೆದುಕೊಂಡ, ಅಮೆರಿಕದ ಎಂಐಟಿಯ ವಿಜ್ಞಾನಿ ಹ್ಯೂ ಹರ್ ಅವರ ತಂಡ ರೂಪಿಸಿದ ಬಯೋಮ್ ಇದರ ಹೆಸರಾಂತ ಮಾದರಿ.

ಲಾಭ ಎಷ್ಟು? ಸಾಮಾನ್ಯ ಕೃತಕ ಪಾದದಲ್ಲಿ ನಡೆಯುವವರು ಅದೇ ವೇಗಕ್ಕೆ ಶೇ 10ರಿಂದ 30ರಷ್ಟು ಹೆಚ್ಚು ಶಕ್ತಿ ವ್ಯಯಿಸುತ್ತಾರೆ. 2012ರಲ್ಲಿ ಹರ್ ಮತ್ತು ಅಲೆನಾ ಗ್ರಬೋವ್‌ಸ್ಕಿ ಪ್ರಕಟಿಸಿದ ಅಧ್ಯಯನದಲ್ಲಿ ಮೋಟಾರು ಪಾದ ತೊಟ್ಟ ಏಳು ಮಂದಿಯ ಶಕ್ತಿವ್ಯಯ ಸಪಾಟು ನೆಲದಲ್ಲಿ ಎರಡೂ ಕಾಲಿದ್ದವರ ಮಟ್ಟಕ್ಕೇ ಬಂತು. ಮರುವರ್ಷದ ಅಧ್ಯಯನದಲ್ಲಿ ಉಳಿದ ಒಳ್ಳೆಯ ಕಾಲಿನ ಮೇಲೆ ಬೀಳುವ ಹೊಡೆತವೂ ಕೆಲವು ವೇಗಗಳಲ್ಲಿ ತಗ್ಗಿತ್ತು. ನನ್ನ ಮಟ್ಟಿಗೆ ಈ ಎರಡನೆಯ ಮಾತೇ ದೊಡ್ಡದು. ಒಂದು ಕಾಲು ಕಳೆದುಕೊಂಡವರಲ್ಲಿ ವರ್ಷಗಳ ಬಳಿಕ ಸವೆಯುವುದು ಇನ್ನೊಂದು ಕಾಲಿನ ಮೊಣಕಾಲು. ಇಪ್ಪತ್ತೈದರಲ್ಲಿ ಲಾರಿಯಡಿ ಕಾಲು ಕೊಟ್ಟ ಹುಡುಗನಿಗೆ ಅರವತ್ತರವರೆಗೂ ಆ ಒಂದು ಮೊಣಕಾಲೇ ಗತಿ.

ಆದರೆ ಏಳು ಮಂದಿಯಲ್ಲಿ ಕಂಡದ್ದು ಎಲ್ಲರಿಗೂ ಬರಲಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೋಟಾರು ಪಾದದಿಂದ ಸರಾಸರಿ ಶಕ್ತಿ ಉಳಿತಾಯ ಗಮನಾರ್ಹವಾಗಿರಲಿಲ್ಲ. ಒಬ್ಬರಿಗೆ ಲಾಭವಾದರೆ ಇನ್ನೊಬ್ಬರಿಗೆ ಆಗದು. ಎಡವುವ ಅಪಾಯ ಕಡಿಮೆಯಾಗುವ ವಿಷಯದಲ್ಲಿ ಮೊದಲ ಬಗೆಯ ಪಾದದ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಅದು ಬೆರಳ ಅಂತರವನ್ನು ಹೆಚ್ಚಿಸುತ್ತದೆ ಎಂಬುದನ್ನು ಅಳತೆಗಳು ತೋರಿಸಿವೆ.

ಈ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ಟ್ರೆಡ್‌ಮಿಲ್ ಮೇಲೆ, ನಯವಾದ ರ‍್ಯಾಂಪಿನ ಮೇಲೆ. ನಮ್ಮ ನೆಲ ಹಾಗಿಲ್ಲ. ಹಂಪಿಯ ಮಾತಂಗ ಪರ್ವತದ ಮೆಟ್ಟಿಲುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಬಹುತೇಕ ಸ್ಮಾರ್ಟ್ ಕೀಲುಗಳು ಇಳಿಜಾರನ್ನು ತಿಳಿಯುವುದು ಈಗಷ್ಟೇ ಇಟ್ಟ ಹೆಜ್ಜೆಗಳಿಂದ, ಮುಂದಿನ ಕಲ್ಲು ಅವುಗಳಿಗೆ ಕಾಣದು. ಉದ್ದಕ್ಕೂ ಒಂದೇ ಓರೆಯಿರುವ ದಾರಿಯಲ್ಲಿ ಅವು ಚೆನ್ನಾಗಿ ಹೊಂದಿಕೊಳ್ಳುತ್ತವೆ, ಬಂಡೆಯಿಂದ ಬಂಡೆಗೆ ಕಾಲಿಡುವಾಗ ಹಿಂದುಳಿಯುತ್ತವೆ. ಅವುಗಳ ಚಲನೆಯೂ ಬಹುಪಾಲು ಮೇಲೆ ಕೆಳಗೆ ಮಾತ್ರ, ಪಕ್ಕಕ್ಕೆ ಓರೆಯಾದ ಕಲ್ಲಿಗೆ ಅವು ಅಷ್ಟಾಗಿ ಒಗ್ಗುವುದಿಲ್ಲ.

ಇಲ್ಲಿ ಜೈಪುರ ಕಾಲಿನ ಪರ ವಾದ ಶುರುವಾಗುತ್ತದೆ, ಮತ್ತು ಅದು ಬಡತನದ ವಾದವಷ್ಟೇ ಅಲ್ಲ. 1960ರ ದಶಕದ ಕೊನೆಗೆ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ಜೈಪುರದಲ್ಲಿ ಮಾಡಿದ ಆ ಪಾದ ರಬ್ಬರಿನದು. ಅದರಲ್ಲಿ ಸೆನ್ಸರ್ ಇಲ್ಲ, ಬ್ಯಾಟರಿ ಇಲ್ಲ. ಕಲ್ಲಿನ ಓರೆಗೆ ರಬ್ಬರೇ ಬಾಗುತ್ತದೆ, ಪಕ್ಕಕ್ಕೂ ಬಾಗುತ್ತದೆ, ಅದೂ ಆ ಕ್ಷಣದಲ್ಲೇ. ಅದನ್ನು ಹಾಕಿಕೊಂಡು ಚಪ್ಪಲಿ ಬಿಟ್ಟು ವಿರೂಪಾಕ್ಷನ ಗುಡಿಗೆ ಹೋಗಬಹುದು, ಚಕ್ಕಂಬಕ್ಕಲ ಹಾಕಿ ಊಟಕ್ಕೆ ಕೂರಬಹುದು, ಕುಕ್ಕರಗಾಲಲ್ಲಿ ಕೂರಬಹುದು. ಕಂಪ್ಲಿ ಕಡೆಯ ಭತ್ತದ ಗದ್ದೆಯಲ್ಲಿ ನಾಟಿಯ ದಿನ ಕೆಸರಿಗಿಳಿಯಬಹುದು, ಸಂಜೆ ಕಾಲುವೆಯಲ್ಲಿ ತೊಳೆದುಕೊಳ್ಳಬಹುದು. ಬಹುಪಾಲು ಸ್ಮಾರ್ಟ್ ಪಾದಗಳು ಚಿಮ್ಮುವ ನೀರನ್ನು ತಾಳುತ್ತವೆ, ಗಂಟೆಗಟ್ಟಲೆ ಕೆಸರನ್ನಲ್ಲ. ಸಂಡೂರಿನ ಅದಿರಿನ ಕೆಂಧೂಳು ಯಾವ ಕೀಲಿಗೂ ಒಳ್ಳೆಯದಲ್ಲ.

ಹಾಗೆಂದು ಜೈಪುರ ಕಾಲು ಎಲ್ಲಕ್ಕೂ ಸಾಕು ಎನ್ನುವುದು ಅನ್ಯಾಯ. ಅದು ಹೆಜ್ಜೆಗೆ ನೂಕು ಕೊಡುವುದಿಲ್ಲ, ಬೆರಳು ಎತ್ತುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಇಡೀ ಪಾಳಿ ರ‍್ಯಾಂಪು, ಕಬ್ಬಿಣದ ಮೆಟ್ಟಿಲು ಹತ್ತಿಳಿಯುವ ಕೆಲಸಗಾರನಿಗೆ, ಎಡವುವ ಭಯದಲ್ಲಿ ನೆಲ ಬಿಟ್ಟು ಬೇರೇನೂ ನೋಡದೆ ನಡೆಯುವವನಿಗೆ, ಆ ಭಯ ಕಳೆಯುವ ಯಂತ್ರ ಶೋಕಿಯಲ್ಲ. ಹಳ್ಳಿಯವರಿಗೆ ರಬ್ಬರ್ ಸಾಕು, ಪಟ್ಟಣದವರಿಗೆ ಮೋಟಾರು ಎಂದು ಹಂಚಿಬಿಡುವ ಮಾತನ್ನು ನಾನು ಒಪ್ಪುವುದಿಲ್ಲ. ಹಳ್ಳಿಯ ಮನುಷ್ಯನೇ ದಿನಕ್ಕೆ ಹೆಚ್ಚು ನಡೆಯುವವನು.

ತೂಕವನ್ನೂ ನೋಡಬೇಕು. ಮೋಟಾರು ಪಾದ ಎರಡು ಕಿಲೋ ಆಸುಪಾಸು. ಕಳೆದುಕೊಂಡ ಕಾಲು ಅದಕ್ಕಿಂತ ಭಾರವೇ ಇತ್ತು, ನಿಜ. ಆದರೆ ಅದನ್ನು ಮೂಳೆ, ಸ್ನಾಯು ಹೊತ್ತಿದ್ದವು, ಇದು ಸಾಕೆಟ್ಟಿನ ಮೂಲಕ ಉಳಿದ ಮೋಟುಗಾಲಿನ ಚರ್ಮಕ್ಕೆ ಜೋತುಬೀಳುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರಿಗೆ ಸಾಕೆಟ್ ಜಾರುತ್ತದೆ, ಮೋಟುಗಾಲು ಬೆಳಗಿನಿಂದ ಸಂಜೆಗೆ ಗಾತ್ರ ಬದಲಿಸುತ್ತದೆ, ಉಜ್ಜಿದಲ್ಲಿ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿಗೆ ಆ ಹುಣ್ಣು ಮತ್ತೊಂದು ಶಸ್ತ್ರಚಿಕಿತ್ಸೆಗೆ ದಾರಿ. ಸಾಕೆಟ್ ಸರಿಯಾಗಿ ಕೂರದಿದ್ದರೆ ಅದರ ಕೆಳಗೆ ಎಷ್ಟೇ ಜಾಣ ಪಾದ ಇದ್ದರೂ ಕಾಲು ಮೂಲೆಗೆ ಸೇರುತ್ತದೆ.

ಹಣದ ಲೆಕ್ಕದಲ್ಲಿ ಅಂತರ ವಿಪರೀತ. ಬಯೋಮ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಬೆಲೆ 50 ಸಾವಿರ ಡಾಲರಿನ ಆಸುಪಾಸು. ಹುಬ್ಬಳ್ಳಿಯ ಕಿಮ್ಸ್ ಆವರಣದ ಮಹಾವೀರ ಲಿಂಬ್ ಸೆಂಟರಿನಂಥ ಕಡೆ ಜೈಪುರ ಕಾಲು ಉಚಿತವಾಗಿ ಸಿಗುತ್ತದೆ. ಈ ಎರಡರ ನಡುವೆ ಈಗ ದಾರಿಗಳು ತೆರೆಯುತ್ತಿವೆ. 2025ರ ಜುಲೈನಲ್ಲಿ ಡಿಆರ್‌ಡಿಒ ಮತ್ತು ಬೀಬಿನಗರದ ಏಮ್ಸ್ ಬಿಡುಗಡೆ ಮಾಡಿದ ಕಾರ್ಬನ್ ಫೈಬರ್ ಪಾದದ ತಯಾರಿಕೆಗೆ 20 ಸಾವಿರ ರೂಪಾಯಿಗಿಂತ ಕಡಿಮೆ ಸಾಕೆಂಬ ಅಂದಾಜಿತ್ತು, ಆಮದಿನದಕ್ಕೆ ಆಗ ಸುಮಾರು 2 ಲಕ್ಷ. ಅದರಲ್ಲಿ ಮೋಟಾರಿಲ್ಲ. ಊರಿದಾಗ ಬಾಗಿ, ಎತ್ತುವಾಗ ಆ ಬಲವನ್ನೇ ಒಂದಿಷ್ಟು ಹಿಂದಿರುಗಿಸುತ್ತದೆ. ಇಸ್ರೊ 2022ರಲ್ಲಿ ಪ್ರೊಸೆಸರ್ ಇರುವ ಮೊಣಕಾಲನ್ನು ತೋರಿಸಿತು. ತೂಕ 1.6 ಕಿಲೋ, ಅಂದಾಜು ಬೆಲೆ 4ರಿಂದ 5 ಲಕ್ಷ. ಅದು ಮೊಣಕಾಲು, ಪಾದದ ಕೀಲಲ್ಲ. ಆದರೆ ಅದನ್ನು ಮಾಡಿದವರಿಗೆ ಇದನ್ನು ಮಾಡುವುದು ಅಸಾಧ್ಯವಲ್ಲ.

ಸರ್ಕಾರದ ದುಡ್ಡು ಎಲ್ಲಿಗೆ ಹೋಗಬೇಕೆಂದು ಕೇಳಿದರೆ, ಮೊದಲು ಹೊಸಪೇಟೆಯಲ್ಲೇ ಸಾಕೆಟ್ ತಿದ್ದುವ ಒಂದು ಕೋಣೆ, ಅದರಲ್ಲಿ ಕಾಯಂ ತಂತ್ರಜ್ಞ ಎನ್ನುತ್ತೇನೆ. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಅದರ ಕೇಂದ್ರವಾದ ಹೊಸಪೇಟೆಗೆ ಇದು ಅತಿಯಾಸೆಯಲ್ಲ. ಆ ಕೋಣೆಯಲ್ಲಿ ಸ್ಮಾರ್ಟ್ ಪಾದವೂ ಒಂದೆರಡು ಇರಲಿ, ಬೇಕೆನ್ನುವವರು ಕೆಲವು ವಾರ ಮನೆಗೆ ಒಯ್ದು ನೋಡಲಿ. ಆಸ್ಪತ್ರೆಯ ಗ್ರಾನೈಟ್ ಕಾರಿಡಾರಿನಲ್ಲಿ ಹತ್ತು ಹೆಜ್ಜೆ ನಡೆದು ತೀರ್ಮಾನಿಸಿದರೆ ಲಾಭವೂ ತಿಳಿಯದು, ತೊಂದರೆಯೂ ತಿಳಿಯದು. ಗದ್ದೆಯ ಬದು, ಬಸ್ಸಿನ ಮೆಟ್ಟಿಲು, ಮನೆಯ ಹಿತ್ತಲು, ಕರೆಂಟು ಹೋದ ರಾತ್ರಿ ಚಾರ್ಜು ಮುಗಿದ ಪಾದ, ಇವೆಲ್ಲ ಆದಮೇಲೆ ಆ ಮನುಷ್ಯನೇ ಬಂದು ಹೇಳಲಿ, ಯಾವುದು ಬೇಕೆಂದು.