ತೊಟ್ಟಿಲ ಕನಸಿಗೆ ಸರಕಾರದ ಹಣ

ನೆರೆಯ ಗೋವಾ ರಾಜ್ಯವು 2023ರಲ್ಲಿ ತನ್ನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪ್ರನಾಳ ಗರ್ಭಧಾರಣೆಯ ಚಿಕಿತ್ಸೆಯನ್ನು ಉಚಿತವಾಗಿ ಆರಂಭಿಸಿತು. ನಮ್ಮ ರಾಜ್ಯವೂ ಅದೇ ದಾರಿ ಹಿಡಿಯಬೇಕೆ? ಹುಬ್ಬಳ್ಳಿ-ಧಾರವಾಡದ ಕ್ರೈಸ್ತರಾದ ನಾವು ಇದಕ್ಕೆ ಏನೆಂದು ಉತ್ತರಿಸಬೇಕು?

'ಬೇಡ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. 1952ರಿಂದ ಸರಕಾರವು ಕುಟುಂಬ ಯೋಜನೆಗೆ ಹಣ ವೆಚ್ಚ ಮಾಡುತ್ತ ಬಂದಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿದ ಬಡವರಿಗೆ ಪ್ರೋತ್ಸಾಹಧನವನ್ನೂ ನೀಡಿದೆ. ಮಕ್ಕಳು ಸಾಕೆಂದವರಿಗೆ ತೆರೆದ ಬೊಕ್ಕಸವು ಒಂದು ಮಗು ಬೇಕೆಂದು ಬಂದ ಬಡ ದಂಪತಿಗಳಿಗೆ ಮುಚ್ಚಿರಬೇಕೆ? ಕುಬಸದ ಕಾರ್ಯಕ್ಕೆ ಕರೆಯಿಲ್ಲದೆ ಮನೆಯಲ್ಲೇ ಉಳಿಯುವ ಸೊಸೆಯ ಕಣ್ಣೀರು, ದೇವಾಲಯದಲ್ಲಿ ಅತ್ತ ಹನ್ನಳ ಕಣ್ಣೀರಿಗಿಂತ ಬೇರೆಯಲ್ಲ.

ಆದರೂ ಪ್ರನಾಳ ಪದ್ಧತಿಯ ಬಗೆಗೆ ನಮ್ಮ ಆತ್ಮಸಾಕ್ಷಿ ಸುಮ್ಮನಿರಲಾರದು. ಒಂದು ಮಗುವಿಗಾಗಿ ಹಲವು ಭ್ರೂಣಗಳನ್ನು ರೂಪಿಸುವುದು ಇಲ್ಲಿ ಸಾಮಾನ್ಯ. 2021ರ ಕೇಂದ್ರ ಕಾಯ್ದೆಯ ಪ್ರಕಾರ ಉಳಿದ ಭ್ರೂಣಗಳನ್ನು ಹತ್ತು ವರ್ಷಗಳವರೆಗೆ ಶೈತ್ಯದಲ್ಲಿಡಬಹುದು; ಬಳಿಕ ಅವು ನಾಶವಾಗಬೇಕು, ಇಲ್ಲವೇ ಸಂಶೋಧನೆಗೆ ಹೋಗಬೇಕು. ಮಾನವ ಜೀವವು ಗರ್ಭಾಂಕುರದಿಂದಲೇ ಗೌರವಾರ್ಹವೆಂದು ನಂಬುವವರು ಇದಕ್ಕೆ ತೆರಿಗೆಯ ಹಣ ಕೊಡಿರೆಂದು ಹೇಗೆ ಕೇಳಿಯಾರು? 1987ರಲ್ಲಿ ಧರ್ಮಸಭೆ ಪ್ರಕಟಿಸಿದ 'ದೋನುಮ್ ವೀತೆ' ಬೋಧನೆಯು ಈ ಪದ್ಧತಿಯನ್ನು ಒಪ್ಪಲಿಲ್ಲ. ಆದರೆ ದಾಂಪತ್ಯದ ಮಿಲನಕ್ಕೆ ನೆರವಾಗುವ, ಅದರ ಸ್ಥಾನವನ್ನು ಕಸಿದುಕೊಳ್ಳದ ಚಿಕಿತ್ಸೆಯನ್ನು ಅದು ನಿರಾಕರಿಸಲಿಲ್ಲ.

ನಾವು ಹಕ್ಕಿನಿಂದ ಕೇಳಬೇಕಾದುದು ಇದನ್ನೇ. ನಮ್ಮ ದೇಶದಲ್ಲಿ ಗರ್ಭನಾಳಗಳಿಗೆ ತಗಲುವ ಕ್ಷಯವು ಬಂಜೆತನದ ಒಂದು ಪ್ರಮುಖ ಕಾರಣ. ಕ್ಷಯಕ್ಕೆ ಔಷಧ ಉಚಿತವಾಗಿ ದೊರೆಯುತ್ತದೆ. ಆದರೆ ರೋಗ ತಿಳಿಯುವಷ್ಟರಲ್ಲಿ ನಾಳ ಮುಚ್ಚಿರುತ್ತದೆ. ಥೈರಾಯ್ಡ್ ದೋಷ, ಸೋಂಕುಗಳೂ ಹೀಗೆಯೇ. ದೋಷ ಗಂಡಸಿನಲ್ಲಿರುವುದೂ ಅಪರೂಪವಲ್ಲ. ಆದರೂ ಪರೀಕ್ಷೆಗೆ ಮೊದಲು ನಡೆಯುವವಳು ಹೆಂಡತಿ, ಬೈಗುಳ ಕೇಳುವವಳೂ ಅವಳೇ. ಜನ ಇಂದಿಗೂ 'ಕಿಮ್ಸ್' ಎಂದೇ ಕರೆಯುವ ಹುಬ್ಬಳ್ಳಿಯ ಆಸ್ಪತ್ರೆಯಲ್ಲೂ, ಕಲಘಟಗಿ, ಕುಂದಗೋಳ, ನವಲಗುಂದಗಳ ತಾಲೂಕು ಆಸ್ಪತ್ರೆಗಳಲ್ಲೂ ಗಂಡ-ಹೆಂಡಿರಿಬ್ಬರ ತಪಾಸಣೆ ಮತ್ತು ಚಿಕಿತ್ಸೆಗೆ ಸರಕಾರವು ಮೊದಲು ಹಣ ಒದಗಿಸಲಿ.

ಇಷ್ಟಾದರೂ ಕೆಲವರ ಮಡಿಲು ತುಂಬದು. ಅವರಿಗೆ ನಮ್ಮ ಬೋಧನೆ ಕಠಿಣವೇ ಸರಿ. ಆದ್ದರಿಂದಲೇ ಅದನ್ನು ಹೇಳುವವರ ಹೊಣೆ ಹಿರಿದು: ಅವರನ್ನು ಶುಭಕಾರ್ಯಗಳಿಗೆ ಮೊದಲು ಕರೆಯೋಣ, ದತ್ತು ಪಡೆದವರನ್ನು ಗೌರವಿಸೋಣ. ಪ್ರನಾಳದಿಂದ ಜನಿಸಿದ ಮಗುವೂ ದೇವರ ವರದಾನವೇ. ಅದರತ್ತ ಬೆರಳು ತೋರುವ ಅಧಿಕಾರ ಯಾರಿಗೂ ಇಲ್ಲ.