ಆಟವೋ, ಜೂಜೋ? – ನಮ್ಮ ನೋಟುಬುಕ್ಕಿನ ಕ್ರಿಕೆಟ್ ಲೀಗು



ನಿವೃತ್ತರಾದ ಗಣಿತದ ಮಾಷ್ಟ್ರು ಬೇಸಗೆಯ ಎರಡು ತಿಂಗಳು ಏನು ಮಾಡುತ್ತಾರೆಂದು ನಿಮ್ಮಲ್ಲಿ ಹಲವರು ಕೇಳಿದ್ದುಂಟು. ಉತ್ತರ ಸರಳ: ಐ.ಪಿ.ಎಲ್. ಪಂದ್ಯಗಳ ಅಂಕಗಳನ್ನು ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆಯುತ್ತಾರೆ, ಕೂಡುತ್ತಾರೆ, ಯಾರು ಮುಂದೆ ಯಾರು ಹಿಂದೆ ಎಂದು ಎಂಟು ಮಂದಿ ಮಿತ್ರರಿಗೆ ತಿಳಿಸುತ್ತಾರೆ. ಇದನ್ನು ಕೇಳಿದ ನನ್ನ ಸೋದರಮಾವನವರು, "ಅಲ್ಲ, ಇದು ಜೂಜಲ್ಲವೇ? ಕಲಿಸಿದ ಮಾಷ್ಟ್ರೇ ಹೀಗೆ ಮಾಡಿದರೆ ಮಕ್ಕಳ ಗತಿ ಏನು?" ಎಂದು ಗದರಿದರು. ಪ್ರಶ್ನೆ ನ್ಯಾಯವಾದದ್ದೇ. ಆದುದರಿಂದ ಅದಕ್ಕೆ ಒಂದು ಸಾಲಿನ ಉತ್ತರ ಕೊಟ್ಟು ತಪ್ಪಿಸಿಕೊಳ್ಳದೆ, ಸ್ವಲ್ಪ ವಿಸ್ತಾರವಾಗಿಯೇ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟದ ಸ್ವರೂಪವನ್ನು ಹೇಳಿಬಿಡುತ್ತೇನೆ. ನಿಜವಾದ ಪಂದ್ಯಗಳಲ್ಲಿ ಆಡುವ ಆಟಗಾರರನ್ನು ಆರಿಸಿ ನಾವು ಕಾಗದದ ಮೇಲೆ ನಮ್ಮದೇ ತಂಡ ಕಟ್ಟುತ್ತೇವೆ. ಆತ ಮೈದಾನದಲ್ಲಿ ಓಟ ಗಳಿಸಿದರೆ, ವಿಕೆಟ್ ಕಿತ್ತರೆ, ಕ್ಯಾಚ್ ಹಿಡಿದರೆ ನಮ್ಮ ಕಾಗದದ ತಂಡಕ್ಕೆ ಅಂಕ ಬರುತ್ತದೆ. ಇದು ಮೊಬೈಲ್ ಕಂಪೆನಿಗಳು ಕಂಡುಹಿಡಿದ ಆಟವಲ್ಲ. ಅಮೆರಿಕದಲ್ಲಿ 1960ರಲ್ಲಿ ವಿಲಿಯಂ ಗ್ಯಾಮ್ಸನ್ ಎಂಬ ಸಮಾಜಶಾಸ್ತ್ರದ ಅಧ್ಯಾಪಕರು ತಮ್ಮ ಮಿತ್ರರೊಡನೆ ಬೇಸ್‌ಬಾಲ್ ಆಟಗಾರರನ್ನು ಹೀಗೆ ಹಂಚಿಕೊಂಡು ಆಡತೊಡಗಿದರು. ಅದಕ್ಕೆ 'ಬೇಸ್‌ಬಾಲ್ ಸೆಮಿನಾರ್' ಎಂದು ಗಂಭೀರವಾದ ಹೆಸರನ್ನೂ ಇಟ್ಟಿದ್ದರು. ಆ ಆಟದ ಸುದ್ದಿಯನ್ನು ತನ್ನ ಅಧ್ಯಾಪಕರೊಬ್ಬರಿಂದ ತಿಳಿದಿದ್ದ ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ 1980ರಲ್ಲಿ ಗೆಳೆಯರೊಂದಿಗೆ ನ್ಯೂಯಾರ್ಕಿನಲ್ಲಿ ಹರಾಜಿನ ಮೂಲಕ ತಂಡ ಕಟ್ಟುವ ಲೀಗನ್ನು ಆರಂಭಿಸಿದ. ಅವರು ಊಟಕ್ಕೆ ಸೇರುತ್ತಿದ್ದ ಹೋಟೆಲಿನ ಹೆಸರೇ ಲೀಗಿಗೂ ಬಂತು. ಗಣಕಯಂತ್ರಗಳು ಮನೆಗೆ ಬಾರದ ಕಾಲವದು. ಪತ್ರಿಕೆಯಲ್ಲಿ ಬಂದ ಅಂಕಪಟ್ಟಿಯನ್ನು ನೋಡಿ ಕೈಯಲ್ಲೇ ಲೆಕ್ಕ ಹಾಕುತ್ತಿದ್ದರು. ಸ್ವಾರಸ್ಯವೆಂದರೆ, ಲೀಗನ್ನು ಹುಟ್ಟುಹಾಕಿದ ಓಕ್ರೆಂಟನೇ ಅದರಲ್ಲಿ ಗೆಲ್ಲಲಿಲ್ಲ! ಅಂತೂ ಈ ಆಟದ ಮೂಲದಲ್ಲಿ ಮೇಷ್ಟರುಗಳಿದ್ದಾರೆಂಬುದು ನನಗೊಂದು ಸಮಾಧಾನ.

ನಮ್ಮ ಲೀಗು ಆರಂಭವಾದದ್ದು 2019ರ ಬೇಸಗೆಯಲ್ಲಿ. ಬಂಟ್ವಾಳದವರು ಮೂವರು, ಬೆಳ್ತಂಗಡಿಯವರು ಮೂವರು, ಮೂಡುಬಿದಿರೆಯವರು ಇಬ್ಬರು. ಅವರಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮಾಷ್ಟ್ರು, ಒಬ್ಬರು ಹಿಂದಿ ಟೀಚರು, ಒಬ್ಬರು ಅಡಿಕೆ ವ್ಯಾಪಾರಿ, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಉಳಿದವರು ನನ್ನ ಹಳೆ ವಿದ್ಯಾರ್ಥಿಗಳು. ನಾನು ತಂಡ ಕಟ್ಟುವುದಿಲ್ಲ. ಲೆಕ್ಕ ಬರೆಯುವವನು ಆಡಬಾರದು ಎಂಬುದು ನಮ್ಮ ಮೊದಲನೆಯ ನಿಯಮ.

ಎರಡನೆಯ ನಿಯಮ, ಹಣದ ಮಾತಿಲ್ಲ. ಪ್ರತಿಯೊಬ್ಬರಿಗೂ ನೂರು ಮಂಜೊಟ್ಟಿ ಬೀಜಗಳನ್ನು ಎಣಿಸಿ ಕೊಡುತ್ತೇನೆ. ಆ ನೂರರಲ್ಲಿ ಹನ್ನೊಂದು ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. ಒಬ್ಬರು ಕೊಂಡ ಆಟಗಾರ ಇನ್ನೊಬ್ಬರಿಗಿಲ್ಲ. ಓಟವೊಂದಕ್ಕೆ 1 ಅಂಕ, ಕ್ಯಾಚಿಗೆ 10, ವಿಕೆಟಿಗೆ 20. ಕೊನೆಯ ಸ್ಥಾನ ಬಂದವರ ಮನೆಯಲ್ಲಿ ಮುಂದಿನ ವರ್ಷದ ಹರಾಜು. ಗೋಳಿಬಜೆ, ಚಾ ಅವರ ಖರ್ಚು. ಗೆದ್ದವರಿಗೆ ನನ್ನ ಅಜ್ಜಿಯ ಕಾಲದ ಚೆನ್ನೆಮಣೆಯನ್ನು ಒಂದು ವರ್ಷ ಮನೆಯಲ್ಲಿ ಇಟ್ಟುಕೊಳ್ಳುವ ಗೌರವ.

ಹರಾಜಿನ ದಿನ ಮನುಷ್ಯ ಸ್ವಭಾವದ ಒಳ್ಳೆಯ ಪಾಠ ಆಗುತ್ತದೆ. ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಹೆಸರು ಬಂದ ಕೂಡಲೇ 'ನಮ್ಮ ಊರಿನ ಹುಡುಗ' ಎಂಬ ಅಭಿಮಾನ ಎಲ್ಲರಿಗೂ ಉಕ್ಕುತ್ತದೆ. ಬೀಜಗಳು ಮುಷ್ಟಿ ಮುಷ್ಟಿಯಾಗಿ ಹೋಗುತ್ತವೆ. ಹಿಂದಿ ಟೀಚರು ಮಾತ್ರ ಸುಮ್ಮನೆ ಕುಳಿತಿರುತ್ತಾರೆ. ಎಲ್ಲರ ಕೈ ಬರಿದಾದ ಮೇಲೆ ಎರಡೆರಡು, ಮೂರು ಮೂರು ಬೀಜಕ್ಕೆ ಒಳ್ಳೆಯ ಸ್ಪಿನ್ನರುಗಳನ್ನು ಹೆಕ್ಕುತ್ತಾರೆ. ಚೆನ್ನೆಮಣೆ ಎರಡು ಸಲ ಅವರ ಮನೆಗೆ ಹೋಗಿದೆ. ಮಿತವ್ಯಯದ ಬಗ್ಗೆ ನಾನು ತರಗತಿಯಲ್ಲಿ ಕೊಟ್ಟ ಉಪದೇಶಗಳಿಗಿಂತ ಇದು ಹೆಚ್ಚು ಪರಿಣಾಮಕಾರಿ.

ಲೀಗು ನಡೆಸುವುದೆಂದರೆ ಕೂಡಿಸುವ ಲೆಕ್ಕವಷ್ಟೇ ಅಲ್ಲ, ನ್ಯಾಯ ಹೇಳುವ ಕೆಲಸವೂ ಹೌದು. 2025ರ ಮೇ 8ರಂದು ಧರ್ಮಶಾಲಾದಲ್ಲಿ ಪಂಜಾಬ್ ಮತ್ತು ಡೆಲ್ಲಿ ತಂಡಗಳ ಪಂದ್ಯ ನಡೆಯುತ್ತಿತ್ತು. ಪಂಜಾಬ್ 10.1 ಓವರುಗಳಲ್ಲಿ ಒಂದು ವಿಕೆಟಿಗೆ 122 ಓಟ ಗಳಿಸಿದ್ದಾಗ ದೀಪಗಳು ಆರಿದವು. ಗಡಿಯ ಪರಿಸ್ಥಿತಿಯಿಂದಾಗಿ ಪಂದ್ಯವನ್ನು ಅಲ್ಲಿಗೇ ಕೈಬಿಡಲಾಯಿತು, ಮರುದಿನ ಪಂದ್ಯಾವಳಿಯೇ ನಿಂತಿತು. ಪ್ರಿಯಾಂಶ್ ಆರ್ಯ ಆ ಸಂಜೆ 70 ಓಟ ಹೊಡೆದಿದ್ದ. ಅವನನ್ನು ಕೊಂಡಿದ್ದವರು ನಮ್ಮ ಅಡಿಕೆ ವ್ಯಾಪಾರಿ. "ಹೊಡೆದದ್ದು ಹೊಡೆದದ್ದೇ ಮಾಷ್ಟ್ರೇ, ಎಪ್ಪತ್ತು ಅಂಕ ಬರೆಯಿರಿ" ಎಂಬುದು ಅವರ ವಾದ. "ಪಂದ್ಯವೇ ಮುಗಿಯದ ಮೇಲೆ ಅಂಕ ಎಲ್ಲಿಂದ?" ಎಂಬುದು ಡ್ರಾಯಿಂಗ್ ಮಾಷ್ಟ್ರ ಪ್ರತಿವಾದ.

ಆದರೆ ಈ ವಾದ ನಡೆದದ್ದು ಆ ರಾತ್ರಿಯಲ್ಲ. ನಮ್ಮ ಸದಸ್ಯರೊಬ್ಬರ ಮಗ ಸೇನೆಯಲ್ಲಿದ್ದು ಆಗ ಪಂಜಾಬಿನ ಕಡೆಯಲ್ಲಿದ್ದ. ದೂರದರ್ಶನದಲ್ಲಿ ಸುದ್ದಿ ಬಂದ ಕೂಡಲೇ ಆ ಮನೆಗೆ ಮೊದಲು ಫೋನು ಮಾಡಿದವರು ಇದೇ ಎಪ್ಪತ್ತು ಅಂಕದ ಅಡಿಕೆ ವ್ಯಾಪಾರಿ. ಮರುದಿನ ಬೆಳಗ್ಗೆ ಉಳಿದವರಲ್ಲಿ ಇಬ್ಬರು ಬಸ್ಸು ಹಿಡಿದು ಅಲ್ಲಿಗೆ ಹೋಗಿ ಸಂಜೆಯವರೆಗೆ ಕುಳಿತಿದ್ದರು. ಕದನವಿರಾಮವಾಗಿ, ಹುಡುಗ ಮನೆಗೆ ಮಾತನಾಡಿದ ಮೇಲೆಯೇ ಅಂಕಗಳ ಜಗಳ ಎದ್ದದ್ದು. ಐ.ಪಿ.ಎಲ್. ಮೇ 17ರಂದು ಮತ್ತೆ ಆರಂಭವಾಗಿ, ಆ ಪಂದ್ಯವನ್ನು ಮೇ 24ರಂದು ಜೈಪುರದಲ್ಲಿ ಹೊಸದಾಗಿ ಆಡಿಸುವುದೆಂದು ನಿರ್ಧಾರವಾಗಿತ್ತು. ಹೊಸದಾಗಿ ಆಡಿಸುವ ಪಂದ್ಯದ ಅಂಕ ಸಿಗುವಾಗ ಹಳೆಯದರ ಅಂಕವನ್ನೂ ಕೊಟ್ಟರೆ ಒಂದೇ ಪಂದ್ಯವನ್ನು ಎರಡು ಸಲ ಎಣಿಸಿದಂತಾಗುತ್ತದೆಂದು ನಾನು ತೀರ್ಪು ಕೊಟ್ಟೆ. ವ್ಯಾಪಾರಿಗಳು ನಾಲ್ಕು ದಿನ ಮುನಿಸಿಕೊಂಡರು. ಐದನೆಯ ದಿನ ಫೋನು ಮಾಡಿ, "ಉಳಿದ ಲೆಕ್ಕವಾದರೂ ಸರಿಯಾಗಿ ಬರೆಯಿರಿ" ಎಂದರು. ಆ ಎಪ್ಪತ್ತಕ್ಕೆ ಹಣದ ಬೆಲೆ ಕಟ್ಟಿದ್ದಿದ್ದರೆ ಆ ಫೋನು ಬರುತ್ತಿತ್ತೇ ಎಂಬುದು ನನ್ನ ಸಂದೇಹ.

ಇನ್ನು ಹಣ ಕಟ್ಟಿ ಆಡುವ ಬಗೆಗೆ ಬರುತ್ತೇನೆ. 2008ರಲ್ಲಿ ಐ.ಪಿ.ಎಲ್. ಆರಂಭವಾದ ವರ್ಷವೇ ಡ್ರೀಮ್ ಇಲೆವೆನ್ ಸಂಸ್ಥೆಯೂ ಹುಟ್ಟಿತು. 2020ರಲ್ಲಿ ಅದು ಐ.ಪಿ.ಎಲ್.ನ ಶೀರ್ಷಿಕೆ ಪ್ರಾಯೋಜಕನೇ ಆಯಿತು. ಅಂಥ ಅನೇಕ ಆ್ಯಪುಗಳು ಬಂದವು. 'ಇದು ಕೌಶಲದ ಆಟ, ಜೂಜಲ್ಲ' ಎಂಬುದು ಅವರೆಲ್ಲರ ವಾದ. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಹಾಗೆಂದು ತೀರ್ಪು ನೀಡಿದ್ದೂ ನಿಜ. ಕೌಶಲವಿಲ್ಲವೆಂದು ನಾನೂ ಹೇಳುವುದಿಲ್ಲ. ನಮ್ಮ ಹಿಂದಿ ಟೀಚರೇ ಅದಕ್ಕೆ ಸಾಕ್ಷಿ. ಆದರೆ ಗಣಿತದ ಮಾಷ್ಟ್ರಾಗಿ ಒಂದು ಲೆಕ್ಕ ಹೇಳಬೇಕು.

ಎರಡು ತಂಡಗಳ 22 ಆಟಗಾರರಲ್ಲಿ 11 ಮಂದಿಯನ್ನು ಆರಿಸುವ ವಿಧಾನಗಳು 7,05,432. ಅವರಲ್ಲಿ ಒಬ್ಬ ನಾಯಕ, ಒಬ್ಬ ಉಪನಾಯಕನನ್ನು ಗುರುತಿಸುವ ವಿಧಾನಗಳು 110. ಗುಣಿಸಿದರೆ 7,75,97,520. ಇಷ್ಟು ಮಂದಿ ಬ್ಯಾಟುಗಾರರು, ಇಷ್ಟು ಮಂದಿ ಬೌಲರುಗಳು ಇರಬೇಕೆಂಬ ಕಟ್ಟುಪಾಡುಗಳಿಂದ ಸಂಖ್ಯೆ ಸ್ವಲ್ಪ ಇಳಿಯಬಹುದು, ಅಷ್ಟೆ. ಇಷ್ಟರಲ್ಲಿ ಒಂದೇ ಒಂದನ್ನು ಹಿಡಿದು, ಲಕ್ಷಾಂತರ ಅಪರಿಚಿತರ ನಡುವೆ ಮೊದಲಿಗನಾಗುತ್ತೇನೆಂದು ಹೊರಡುವವನಿಗೆ ಕೌಶಲ ಎಷ್ಟು ದೂರ ಜತೆ ಬಂದೀತು?

ಮತ್ತೊಂದು ಲೆಕ್ಕ ಇನ್ನೂ ಸುಲಭ. ನೂರು ಮಂದಿ ತಲಾ 50 ರೂಪಾಯಿ ಹಾಕಿದರೆ 5,000 ಆಯಿತು. ನಡೆಸುವವರು 750 ತೆಗೆದು 4,250ನ್ನು ಹಂಚಿದರೆಂದು ಇಟ್ಟುಕೊಳ್ಳಿ. ಯಾರೇ ಗೆಲ್ಲಲಿ, ಒಟ್ಟಿನಲ್ಲಿ ಆ ನೂರು ಮಂದಿ 750 ರೂಪಾಯಿ ಕಳೆದುಕೊಂಡೇ ಏಳುತ್ತಾರೆ. ನಾಳೆ ಮತ್ತೆ ಅಷ್ಟು, ನಾಡಿದ್ದು ಮತ್ತೆ ಅಷ್ಟು. ಎಲ್ಲರೂ ಕೌಶಲವಂತರಾದರೂ ಈ ಲೆಕ್ಕ ಬದಲಾಗದು.

ಈ ಲೆಕ್ಕ ನನಗೆ ಬರೀ ಲೆಕ್ಕವಾಗಿ ಉಳಿಯಲಿಲ್ಲ. ನನ್ನ ಹಳೆ ವಿದ್ಯಾರ್ಥಿಯೊಬ್ಬ, ಊರು ಹೆಸರು ಬೇಡ, ಇಂಥ ಒಂದು ಆಟದಲ್ಲಿ ಮೊದಲು ಐವತ್ತು ನೂರು ಎಂದು ಹಾಕಿ, ಒಮ್ಮೆ ಸ್ವಲ್ಪ ಗೆದ್ದು, ಬಳಿಕ ತಾಯಿ ಬೀಡಿ ಕಟ್ಟಿ ತಂಗಿಯ ಮದುವೆಗೆಂದು ಕೂಡಿಟ್ಟದ್ದನ್ನೂ ಕಳೆದ. ಮೊಬೈಲಿನಲ್ಲೇ ಸಿಗುವ ಸಾಲವನ್ನೂ ತೆಗೆದ. ಆ ತಾಯಿ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, "ಅವನು ಲೆಕ್ಕದಲ್ಲಿ ಹುಷಾರು ಎಂದು ನೀವೇ ಹೇಳಿದ್ದಿರಲ್ಲ ಸರ್" ಎಂದಾಗ ನನ್ನಲ್ಲಿ ಮಾತಿರಲಿಲ್ಲ. ಹುಷಾರಾದದ್ದರಿಂದಲೇ ಆತನಿಗೆ ತಾನು ಗೆಲ್ಲುತ್ತೇನೆಂಬ ನಂಬಿಕೆ ಹುಟ್ಟಿತ್ತು. 'ಕೌಶಲದ ಆಟ' ಎಂಬ ಮಾತಿನ ಅಪಾಯ ಇರುವುದೇ ಇಲ್ಲಿ. ಬರೀ ಅದೃಷ್ಟದ ಆಟದಲ್ಲಿ ಸೋತವನು ಹಣೆಬರಹವೆಂದು ಎದ್ದು ಹೋದಾನು; ಕೌಶಲದ ಆಟದಲ್ಲಿ ಸೋತವನು ನಾಳೆ ಇನ್ನೂ ಚೆನ್ನಾಗಿ ಆಡುತ್ತೇನೆಂದು ಮರಳಿ ಬರುತ್ತಾನೆ. ಆತ ಈಗ ದುಡಿದು ತಿಂಗಳು ತಿಂಗಳು ಸಾಲ ತೀರಿಸುತ್ತಿದ್ದಾನೆ. ತಂಗಿಯ ಮದುವೆ ಇನ್ನೂ ಆಗಿಲ್ಲ.

ಕಾನೂನಿನ ಕಥೆ ಹಾವು ಏಣಿಯ ಆಟದಂತೆ ಸಾಗಿತು. ಕರ್ನಾಟಕ ಸರಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಬಳಿಕ 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಯನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಚರ್ಚೆಯನ್ನೇ ಅದು ಬದಿಗಿಟ್ಟು, ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದಾದರೂ ಸಲ್ಲದು ಎಂದಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ವರ್ಷಕ್ಕೆ ಸುಮಾರು 45 ಕೋಟಿ ಮಂದಿ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂಬುದು ಆಗ ಸರಕಾರ ನೀಡಿದ ಅಂದಾಜು. ದೊಡ್ಡ ಕಂಪೆನಿಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ಭಾರತ ತಂಡದ ಅಂಗಿಯ ಮೇಲಿನ ಹೆಸರೂ ಬದಲಾಯಿತು. ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳೂ ನ್ಯಾಯಾಲಯದ ಮೆಟ್ಟಿಲೇರಿದವು.

ಈ ಕಾಯಿದೆ ಒಳ್ಳೆಯದೆಂಬುದೇ ನನ್ನ ಅಭಿಪ್ರಾಯ. ಆದರೆ ಕಾಯಿದೆಯೊಂದೇ ಸಾಕೆಂಬ ಭ್ರಮೆ ನನಗಿಲ್ಲ. ಕೋಳಿ ಅಂಕದ ಬಾಜಿ ಕಾನೂನಿಗೆ ವಿರುದ್ಧವೆಂದು ನಮ್ಮ ಊರುಗಳಲ್ಲಿ ಗೊತ್ತಿಲ್ಲದವರಿಲ್ಲ. ಅಲ್ಲಿಗೆ ಹೋಗುವವರೂ ಇಲ್ಲದಿಲ್ಲ. ಬಾಗಿಲು ಮುಚ್ಚಿದರೆ ಕಿಟಕಿಯಿಂದ ನುಸುಳುವ ವಿದೇಶೀ ಬೆಟ್ಟಿಂಗ್ ಆ್ಯಪುಗಳು ಇದ್ದೇ ಇವೆ.

ನಮ್ಮ ಹಿರಿಯರಿಗೆ ಈ ಅಪಾಯ ತಿಳಿದಿತ್ತು. ಆಟಿ ತಿಂಗಳ ಮಳೆಯಲ್ಲಿ ಮನೆ ಮನೆಯಲ್ಲಿ ಆಡುತ್ತಿದ್ದ ಚೆನ್ನೆ ಎಂಥ ನಿರುಪದ್ರವಿ ಆಟ! ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಬೀಜ. ಆದರೂ ಸಿರಿಯ ಪಾಡ್ದನದಲ್ಲಿ ಅಬ್ಬಗ-ದಾರಗರೆಂಬ ಅಕ್ಕತಂಗಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಅಕ್ಕ ಅದೇ ಮಣೆಯಿಂದ ತಂಗಿಯನ್ನು ಹೊಡೆದು ಕೊಲ್ಲುತ್ತಾಳೆ. ಬಳಿಕ ತಾನೂ ಬಾವಿಗೆ ಹಾರುತ್ತಾಳೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು 1998ರಲ್ಲಿ ಪ್ರಕಟಿಸಿ ಜಗತ್ತಿಗೆ ಪರಿಚಯಿಸಿದರು. ಒಡಹುಟ್ಟಿದ ಅಕ್ಕತಂಗಿಯರು ಚೆನ್ನೆ ಆಡಬಾರದೆಂಬ ನಂಬಿಕೆ ನಮ್ಮ ಕಡೆ ಇರುವುದು ಈ ಕಥೆಯಿಂದಲೇ. ಪಣವೇ ಇಲ್ಲದ ಆಟವೂ ಸಂಬಂಧವನ್ನು ಮುರಿಯಬಲ್ಲದು ಎಂದರೆ, ಪಣವಿದ್ದರೆ ಗತಿ ಏನೆಂದು ಬೇರೆ ಹೇಳಬೇಕಿಲ್ಲ. ಗೆದ್ದವರ ಮನೆಗೆ ಚೆನ್ನೆಮಣೆಯನ್ನು ಕಳುಹಿಸುವಾಗ ಈ ಕಥೆಯನ್ನೂ ನೆನಪಿಸುವುದು ನನ್ನ ವಾಡಿಕೆ.

"ಹಣವಿಲ್ಲದಿದ್ದರೆ ಸ್ವಾರಸ್ಯವೇನು ಸರ್?" ಎಂದು ಕೇಳುವ ತರುಣರಿಗೆ ನನ್ನ ಉತ್ತರವಿದು: ನಮ್ಮ ಎಂಟು ಮಂದಿಯ ಜಗಳವನ್ನು ಒಮ್ಮೆ ಬಂದು ನೋಡಿ. ಹಾಗಾದರೆ ಆಟಕ್ಕೂ ಜೂಜಿಗೂ ಗೆರೆ ಎಲ್ಲಿ? ಮೂರು ಪ್ರಶ್ನೆ ಕೇಳಿಕೊಂಡರೆ ಸಾಕೆಂದು ನನಗೆ ತೋರುತ್ತದೆ. ನಾನು ಯಾರ ವಿರುದ್ಧ ಆಡುತ್ತಿದ್ದೇನೆಂದು ನನಗೆ ಗೊತ್ತೇ? ಲೆಕ್ಕ ಬರೆಯುವವನಿಗೆ ನನ್ನ ಸೋಲಿನಿಂದ ಲಾಭವಿದೆಯೇ? ಸೋತು ಮನೆಗೆ ಬಂದಾಗ ಮನೆಯವರಿಗೆ ನಗುತ್ತ ಹೇಳಬಲ್ಲೆನೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ, ಮೂರನೆಯದಕ್ಕೆ ಹೌದು ಎಂದಾದರೆ ಧಾರಾಳವಾಗಿ ಆಡಿ. ಒಂದು ಉತ್ತರ ತಪ್ಪಿದರೂ ಎದ್ದುಬನ್ನಿ.

ನಿಮ್ಮ ನಿಮ್ಮ ಊರುಗಳಲ್ಲಿ, ಬೆಂಗಳೂರಾಗಲಿ ದುಬೈಯಾಗಲಿ, ಇಂಥ ಲೀಗೊಂದನ್ನು ಕಟ್ಟಿಕೊಳ್ಳಿ ಎಂಬುದು ನನ್ನ ಸಲಹೆ. ಬೇಕಾಗುವುದು ಒಂದು ನೋಟುಬುಕ್ಕು, ಒಂದು ಡಬ್ಬಿ ಬೀಜ, ಮತ್ತು ತಾನು ಆಡದೆ ಲೆಕ್ಕ ಬರೆಯಲು ಒಪ್ಪುವ ಒಬ್ಬ ಮನುಷ್ಯ. ಮೂರನೆಯದು ಸಿಗುವುದು ಕಷ್ಟ. ಸಿಕ್ಕಿದರೆ ಅವರನ್ನು ಚೆನ್ನಾಗಿ ನೋಡಿಕೊಳ್ಳಿ. ಸೋದರಮಾವನವರಿಗೂ ಈ ಬರೆಹವನ್ನು ಓದಿ ಹೇಳಿದೆ. ಪೂರ್ತಿ ಕೇಳಿ, "ಹಾಗಾದರೆ ಮುಂದಿನ ಸಲ ನನಗೂ ನೂರು ಬೀಜ ಇಡು" ಎಂದರು.